ಮೆಲ್ಲಗೆ ಹಾಡುತ್ತಿದ್ದವರ ಮನೆ

ಯಾವ ಖಾಲಿ ಕಟ್ಟಡದೊಳಗೆ ಹೋದರೂ ನಾನು ಮೊದಲು ಮಾಡುವ ಕೆಲಸ ಜೋರಾಗಿ ಒಂದು ಚಪ್ಪಾಳೆ ತಟ್ಟುವುದು. ಜೊತೆಗಿದ್ದವರು ಬೆಚ್ಚಿ ನೋಡುತ್ತಾರೆ. ಸಭಾಂಗಣಗಳಿಗೆ ಧ್ವನಿ ವ್ಯವಸ್ಥೆ ಮಾಡಿಕೊಡುವುದು ನನ್ನ ಕಸುಬು. ಗೋಡೆಗಳು ಆ ಸದ್ದನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ ಎನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿರುತ್ತದೆ. ಚಂದಾಪುರದ ಹತ್ತಿರದ ಆ ಶೆಡ್ಡಿನಲ್ಲಿ ತಟ್ಟಿದಾಗ ಸದ್ದು ತಗಡಿನ ಸೂರಿಗೆ ಬಡಿದು, ಗೋಡೆಯಿಂದ ಗೋಡೆಗೆ ಹಾರಿ, ನಾನು ಕೈ ಇಳಿಸಿ, ಕೆಲಸಕ್ಕೆ ಕರೆದಿದ್ದ ಪಾಸ್ಟರ್ ಮುಖ ನೋಡಿದ ಮೇಲೂ ಅಲ್ಲೇ ಸುತ್ತುತ್ತಿತ್ತು.

ಮೊದಲು ಅಲ್ಲಿ ವಾಹನಗಳ ಬಿಡಿಭಾಗಗಳಿಗೆ ತಗಡು ಒತ್ತುವ ಪ್ರೆಸ್ಸು ಇತ್ತಂತೆ. ಯಂತ್ರ ಕೂರಿಸಿದ್ದ ಬೋಲ್ಟುಗಳು ಇನ್ನೂ ನೆಲದಿಂದ ತಲೆಯೆತ್ತಿಕೊಂಡಿದ್ದವು. ಗೋಡೆಗೆ ಎಣ್ಣೆ ಜಿಡ್ಡು. ಪಾಸ್ಟರ್ ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ಎಡವುತ್ತ ಓಡಾಡಿ ಇಲ್ಲಿ ವೇದಿಕೆ, ಇಲ್ಲಿ ಮಕ್ಕಳು, ಇಲ್ಲಿ ಚಪ್ಪಲಿ ಎಂದು ತೋರಿಸಿದರು. "ಇದು ನಮ್ದೇ ಮೇಡಂ," ಎಂದರು ಕೊನೆಗೆ. ಹಾಗೆಂದವರು ತಮ್ಮ ಮಾತನ್ನು ತಾವೇ ನಂಬಲಾರದೆ ಗೋಡೆಯನ್ನೊಮ್ಮೆ ಮುಟ್ಟಿ ನೋಡಿದರು.

ಅವರದು ಊರು ಸುತ್ತಿದ ಕ್ರೈಸ್ತ ಸಭೆ. ಆರಾಧನೆಗೆ ಸ್ವಂತ ಜಾಗವಿಲ್ಲದೆ ಶಾಲೆಯ ಸಭಾಂಗಣ, ಮದುವೆ ಛತ್ರ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು, ಹೀಗೆ ವರ್ಷಗಟ್ಟಲೆ ಬಾಡಿಗೆಯಲ್ಲೇ ಇದ್ದರು. ಭಾನುವಾರ ಬೆಳಿಗ್ಗೆ ಟೆಂಪೋದಲ್ಲಿ ಸಾಮಾನು ಬರುವುದು, ಮಧ್ಯಾಹ್ನದೊಳಗೆ ಎಲ್ಲ ಕಟ್ಟಿಕೊಂಡು ಹೋಗುವುದು. ಹೋದ ಕಡೆಯಲ್ಲೆಲ್ಲ ಕೆಲವು ತಿಂಗಳು ಚೆನ್ನಾಗಿ ನಡೆಯುತ್ತಿತ್ತು. ಆಮೇಲೆ ಯಾರಾದರೊಬ್ಬರು ಸದ್ದು ಜಾಸ್ತಿ ಎಂದು ದೂರು ಕೊಡುತ್ತಿದ್ದರು, ಇವರು ಗಂಟುಮೂಟೆ ಕಟ್ಟುತ್ತಿದ್ದರು. ಕೊನೆಗೆ ಸಭೆಯವರೆಲ್ಲ ಕೈಕೂಡಿಸಿ ಈ ಶೆಡ್ಡನ್ನೇ ಕೊಂಡಿದ್ದರು. ಮಾರಿದ್ದು ಪಕ್ಕದ ಮನೆಯ ರೈತ ಕುಟುಂಬ. ಅವರ ಕೊಟ್ಟಿಗೆಯ ಹಿಂಗೋಡೆಗೂ ಶೆಡ್ಡಿಗೂ ನಡುವೆ ಒಂದು ಓಣಿಯಷ್ಟೇ ಜಾಗ.

ಕೆಲಸ ಒಪ್ಪಿಕೊಳ್ಳುವ ಮುಂಚೆ ಇವರು ಹೇಗೆ ಹಾಡುತ್ತಾರೆ ಎಂದು ಕೇಳಬೇಕಿತ್ತು. ನಾನು ಈಗ ಇರುವುದು ಕಾಡುಗೋಡಿಯಲ್ಲಿ, ಬೆಳೆದದ್ದು ದಾವಣಗೆರೆಯಲ್ಲಿ. ನಮ್ಮ ಮನೆಯಲ್ಲಿ ಭಜನೆ ಎಂದರೆ ಓಣಿಯ ಆಚೆ ತುದಿಗೆ ಕೇಳಬೇಕು, ಇಲ್ಲದಿದ್ದರೆ ಅಜ್ಜಿ ಅದನ್ನು ಭಜನೆ ಎಂದೇ ಒಪ್ಪುತ್ತಿರಲಿಲ್ಲ. ಹಾಗಾಗಿ ಮುಂದಿನ ಭಾನುವಾರ, ಅವರು ಆಗ ಸೇರುತ್ತಿದ್ದ ಹೊಸೂರು ರಸ್ತೆಯ ಹೋಟೆಲಿನ ನೆಲಮಾಳಿಗೆಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು ನಾನು ಕಂಡದ್ದು ನನಗೆ ವಿಚಿತ್ರವಾಗಿತ್ತು. ಕುರ್ಚಿ ತುಂಬ ಜನ. ಕಂಪನಿಯವರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಮಕ್ಕಳನ್ನು ಎತ್ತಿಕೊಂಡ ದಂಪತಿಗಳು. ಹಾಡು ಶುರುವಾಯಿತು, ಎರಡನೇ ಚರಣಕ್ಕೆ ಏರತೊಡಗಿತು, ಇನ್ನೇನು ತುಂಬಿಕೊಳ್ಳಬೇಕು ಎನ್ನುವಷ್ಟರಲ್ಲಿ ಒಟ್ಟಿಗೇ ಇಳಿದುಹೋಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಮೊದಲು ನಾನು ಮೈಕುಗಳ ದನಿ ಏರಿಳಿಸುವ ಮಿಕ್ಸರಿನ ಕಡೆ ನೋಡಿದೆ. ಅಲ್ಲಿ ಯಾರೂ ಏನೂ ಮುಟ್ಟಿರಲಿಲ್ಲ.

ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸು, ಹತ್ತಿ ಸೀರೆ, ನೆಟ್ಟಗಿನ ಬೆನ್ನು. ಒಂದು ಕಿವಿ ಹೊರಗಿನ ಮೆಟ್ಟಿಲ ಕಡೆ, ಒಂದು ಕಿವಿ ಒಳಗೆ. ಸದ್ದು ಒಂದು ಮಟ್ಟ ದಾಟಿತು ಎನ್ನಿಸಿದಾಗ ಅವರು ಅಂಗೈಯನ್ನು ಎದೆಯೆತ್ತರಕ್ಕೆ ಎತ್ತಿ ಮೆಲ್ಲಗೆ ಕೆಳಗೊತ್ತುತ್ತಿದ್ದರು. ಅಷ್ಟೇ. ಮುಂದೆ ನಿಂತ ಹಾಡುಗಾರರು ಅದನ್ನು ನೋಡಿ ತಗ್ಗಿಸುತ್ತಿದ್ದರು, ಅವರನ್ನು ನೋಡಿ ಇಡೀ ಸಭೆ ತಗ್ಗುತ್ತಿತ್ತು. ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಅಂತೆ. ಸಭೆಯವರೆಲ್ಲ ಬಾಗಿಲಕ್ಕ ಎನ್ನುತ್ತಿದ್ದರು. ಸಭೆ ಜಾಗ ಬದಲಿಸಿದಾಗಲೆಲ್ಲ ಈ ಅಂಗೈಯೂ ಜೊತೆಗೆ ಹೋಗಿತ್ತು, ಪ್ರತಿ ಮ್ಯಾನೇಜರನ ಬಾಯಿಂದ ಮೊದಲ ಮಾತು ಕೇಳುವವರೂ ಅವರೇ ಆಗಿದ್ದರು.

ಕೆಲಸದ ಮಾತುಕತೆಗೆ ಕುಳಿತಾಗ ಪಾಸ್ಟರ್ ಜೊತೆ ಬಂದದ್ದೂ ಅವರೇ. ಬೇಡಿಕೆ ಒಂದೇ: ಒಳಗಿನದು ಒಂದು ಚೂರೂ ಹೊರಗೆ ಕೇಳಬಾರದು. ಸದ್ದನ್ನು ತಡೆಯುವುದು ಬೇರೆ, ಸದ್ದನ್ನು ಹೀರುವುದು ಬೇರೆ ಎಂದು ನಾನು ಎಲ್ಲರಿಗೂ ಹೇಳುವ ಪಾಠವನ್ನು ಅವರಿಗೂ ಹೇಳಿದೆ. ತಡೆಯಬೇಕಾದರೆ ಭಾರ ಬೇಕು: ದಪ್ಪ ಗೋಡೆ, ತಗಡಿನ ಕೆಳಗೆ ಎರಡು ಪದರದ ಜಿಪ್ಸಂ ಹಲಗೆ, ರಬ್ಬರ್ ಅಂಚಿನ ಜೋಡಿ ಬಾಗಿಲು. ಗೋಡೆಯ ಒಳಮೈಗೆ ಬಟ್ಟೆ ಸುತ್ತಿದ ಮೆತ್ತನೆ ಫಲಕ ಹಾಕುವುದು ಮಾರ್ದನಿ ಹೀರುವುದಕ್ಕೆ. ಅದು ಸದ್ದನ್ನು ಹೊರಗೆ ಹೋಗದಂತೆ ತಡೆಯುವುದು ಅಷ್ಟಕ್ಕಷ್ಟೆ. ಹಾಡುವ ಜಾಗದಲ್ಲಿ ಅದು ಮಿತಿಯಲ್ಲಿರಬೇಕು. ಇಬ್ಬರೂ ತಲೆದೂಗಿ ಕೇಳಿದರು. ಕೇಳಿ, ಎರಡೂ ಇರಲಿ ಎಂದರು.

ನಾನು ವಾದಿಸಿದೆ. ಬಾಗಿಲಕ್ಕ ಸಂಬಂಧಿಕರೊಬ್ಬರ ಹಾಡು ಧ್ವನಿಮುದ್ರಿಸಿದ ಸ್ಟುಡಿಯೋ ನೋಡಿ ಬಂದಿದ್ದರು. ಅಲ್ಲಿ ಬಾಗಿಲು ಹಾಕಿದರೆ ಪ್ರಪಂಚವೇ ಇಲ್ಲವೆನ್ನಿಸುತ್ತದೆ, ನಮಗೂ ಹಾಗೇ ಬೇಕು ಎಂದರು. ನೆಲಕ್ಕೆ ಕಾರ್ಪೆಟ್ಟು, ನಾಲ್ಕೂ ಗೋಡೆಗೆ ಫಲಕ. ಉಪದೇಶ ಸ್ಪಷ್ಟವಾಗಿ ಕೇಳುತ್ತದೆ, ಮೊಬೈಲಿನಲ್ಲಿ ನೇರ ಪ್ರಸಾರಕ್ಕೂ ಒಳ್ಳೆಯದು ಎಂದು ಪಾಸ್ಟರ್ ದನಿಗೂಡಿಸಿದರು. ನನಗೆ ತಲೆ ಕೆಟ್ಟಿತು. ಸರಿ, ಹಾಡಿ ನೋಡಿದ ಮೇಲೆ ಮಾತಾಡೋಣ ಎಂದುಕೊಂಡು, ಫಲಕಗಳನ್ನು ಗೋಡೆಗೆ ಅಂಟಿಸುವ ಬದಲು ಕೊಕ್ಕೆಗಳಿಗೆ ನೇತುಹಾಕುವಂತೆ ನಕ್ಷೆಯಲ್ಲಿ ಬದಲಿಸಿದೆ. ಅದನ್ನು ಯಾರಿಗೂ ಹೇಳಲಿಲ್ಲ.

ಕೆಲಸ ಸುಲಭವಾಗಿ ಆಗಲಿಲ್ಲ. ಬೋಲ್ಟುಗಳನ್ನು ಕತ್ತರಿಸಿ ನೆಲ ಸಮ ಮಾಡುವುದಕ್ಕೇ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸೂರಿನ ಕೆಳಗೆ ಚೌಕಟ್ಟು ಕಟ್ಟಿ, ನಡುವೆ ರಾಕ್‌ವೂಲ್ ಎಂಬ ಕಲ್ಲುನಾರಿನ ಹಾಸು ತುಂಬಿ, ಹಲಗೆ ಮುಚ್ಚಿ, ಸಂದು ಬಳಿದು ಮುಗಿಸಿದ ವಾರದಲ್ಲೇ ಮಳೆ ಬಂತು. ಹಳೆಯ ತಗಡಿನ ಸ್ಕ್ರೂಗಳ ರಬ್ಬರ್ ವಾಷರುಗಳು ಬಿಸಿಲಿಗೆ ಒಣಗಿ ಪುಡಿಯಾಗಿದ್ದವು. ಮೇಲಿಂದ ನೋಡಿದರೆ ತಗಡು ಗಟ್ಟಿಮುಟ್ಟು, ನೀರು ಮಾತ್ರ ಒಂದೊಂದು ಸ್ಕ್ರೂ ಬುಡದಿಂದ ತೊಟ್ಟಿಕ್ಕಿ ಹಾಸಿನಲ್ಲಿ ಸೇರಿತ್ತು. ಬೆಳಿಗ್ಗೆ ಹೋದಾಗ ಹೊಸ ಸೂರು ಅಲ್ಲಲ್ಲಿ ಹೊಟ್ಟೆ ಬಿಟ್ಟಿತ್ತು. ನೆನೆದ ರಾಕ್‌ವೂಲ್ ಒಣಗಿಸಿ ಹಾಕುವ ವಸ್ತುವಲ್ಲ, ಕಿತ್ತು ಎಸೆಯಬೇಕು. ನನ್ನ ಬಡಗಿ ಪೀಣ್ಯದಿಂದ ಬರುವವನು, ಮಾತು ಕಡಿಮೆ. ಅವತ್ತು ಸೂರು ನೋಡಿ ಏಣಿಯ ಬುಡದಲ್ಲೇ ಕುಳಿತುಬಿಟ್ಟ. ಹಲಗೆ ಇಳಿಸಿ, ಪ್ರತಿ ಸ್ಕ್ರೂ ಬಿಚ್ಚಿ ಹೊಸ ವಾಷರ್ ಹಾಕಿ, ಮೇಲೆ ಪೈಪಿನಿಂದ ನೀರು ಬಿಟ್ಟು ನೋಡಿ, ಮತ್ತೆ ಮೊದಲಿನಿಂದ ಕಟ್ಟಿದೆವು. ಪಾಸ್ಟರ್ ಸಂಜೆ ತಮ್ಮ ಹಗಲಿನ ಕೆಲಸ ಮುಗಿಸಿ ಬಂದು ನಮ್ಮ ಜೊತೆ ಹಸಿ ಹಾಸನ್ನು ಚೀಲಕ್ಕೆ ತುಂಬುತ್ತಿದ್ದರು. ಅವರ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಆಗಲೇ.

ಕಟ್ಟಡವನ್ನು ದೇವರಿಗೆ ಒಪ್ಪಿಸುವ ಸಮರ್ಪಣೆಯ ದಿನಕ್ಕೆ ಮೂರು ವಾರ ಮೊದಲಿಂದಲೇ ಅಲ್ಲಿ ಆರಾಧನೆ ಶುರು ಮಾಡಿದರು. ಹೋಟೆಲಿನ ಬಾಡಿಗೆ ಕರಾರು ಮುಗಿದಿತ್ತು. ಮೊದಲ ಭಾನುವಾರ ನಾನು ಮಿಕ್ಸರಿನ ಹಿಂದೆ ಕುಳಿತೆ. ಪಾಸ್ಟರ್ ಮಾತು ಒಂದೊಂದು ಅಕ್ಷರವೂ ಕಿವಿಗೆ ಬಂತು. ಬಾಗಿಲಕ್ಕ ಹೊರಗೆ ಹೋಗಿ ಓಣಿಯಲ್ಲಿ ಒಂದು ಸುತ್ತು ಬಂದು, ಮುಖ ಅರಳಿಸಿಕೊಂಡು, ಏನೂ ಕೇಳಿಸುವುದಿಲ್ಲ ಎಂದು ನನಗೆ ಸನ್ನೆ ಮಾಡಿದರು.

ಆಮೇಲೆ ಹಾಡು. ಎಲ್ಲರೂ ಎದ್ದು ನಿಂತು ಬಾಯಿ ತೆರೆದರು. ದನಿ ಬಾಯಿಂದ ಹೊರಟದ್ದು ಮುಂದಿನವರ ಬೆನ್ನಿಗೂ ಮುಟ್ಟಲಿಲ್ಲ. ಕಾರ್ಪೆಟ್ಟು ಒಂದಷ್ಟು ನುಂಗಿತು, ಗೋಡೆ ಒಂದಷ್ಟು. ಹಾಡುವವನಿಗೆ ತನ್ನ ಗಂಟಲು ಬಿಟ್ಟು ಬೇರೆ ಯಾರದೂ ಕೇಳದಿದ್ದರೆ ಏನಾಗುತ್ತದೆ? ನಾಚಿಕೆಯಾಗುತ್ತದೆ. ಅಕ್ಕಪಕ್ಕ ನೋಡುತ್ತಾನೆ, ದನಿ ಇಳಿಸುತ್ತಾನೆ. ಎಲ್ಲರೂ ಹಾಗೇ ಇಳಿಸಿದರು. ನಾನು ಕೀಬೋರ್ಡಿನ ಸದ್ದು ಏರಿಸಿದೆ, ಅದು ಉಳಿದಷ್ಟು ದನಿಯನ್ನೂ ಮುಚ್ಚಿಹಾಕಿತು. ಮೂರನೇ ಚರಣಕ್ಕೆ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಅಷ್ಟೂ ಹೊತ್ತು ಬಾಗಿಲಕ್ಕನ ಅಂಗೈ ಒಮ್ಮೆಯೂ ಮೇಲೇಳಲಿಲ್ಲ. ಎತ್ತುವ ಅಗತ್ಯವೇ ಬರಲಿಲ್ಲ.

ಎರಡನೇ ಭಾನುವಾರ ಕುರ್ಚಿಗಳು ಖಾಲಿ ಕಂಡವು. ಹೋಟೆಲಿನ ನೆಲಮಾಳಿಗೆಯೇ ಚೆನ್ನಾಗಿತ್ತು ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಕೂಟ ಮುಗಿದ ಮೇಲೆ ಪಾಸ್ಟರ್ ವೇದಿಕೆಯ ಅಂಚಿನಲ್ಲಿ ಕುಳಿತರು. ಇಷ್ಟು ವರ್ಷ ಜಾಗವಿಲ್ಲದೆಯೂ ಒಡೆಯದಿದ್ದ ಸಭೆ, ಜಾಗ ಬಂದ ಮೇಲೆ ಕರಗುತ್ತಿದೆ ಎಂಬ ಭಯ ಅವರ ಮುಖದಲ್ಲೇ ಇತ್ತು.

"ಹಾಡದೇ ಇರೋ ಸಭೆ ಜಾಸ್ತಿ ದಿನ ನಿಲ್ಲಲ್ಲ ಮೇಡಂ," ಎಂದರು. "ನನ್ನ ಪ್ರಸಂಗ ಕೇಳಕ್ಕೆ ಅಂತ ಯಾರೂ ಬರಲ್ಲ, ಅದು ನನಗೂ ಗೊತ್ತು."

ನಾನು ಹೇಳಿದೆ: ಎರಡೂ ಪಕ್ಕದ ಗೋಡೆಯ ಫಲಕ ತೆಗೆಯುತ್ತೇನೆ. ವೇದಿಕೆಯ ಹಿಂದಿನದನ್ನೂ ತೆಗೆಯುತ್ತೇನೆ. ಕಾರ್ಪೆಟ್ಟು ವೇದಿಕೆಯ ಮೇಲೆ ಮಾತ್ರ ಉಳಿಯಲಿ. ಸೂರು, ಬಾಗಿಲು, ಗೋಡೆಯ ಭಾರ ಹಾಗೇ ಇರುತ್ತದೆ, ತಡೆಯುವ ಕೆಲಸ ಅವೇ ಮಾಡುತ್ತವೆ. ಹೊರಗೆ ಸ್ವಲ್ಪ ಹೆಚ್ಚು ಕೇಳಿಸಬಹುದು, ಸ್ವಲ್ಪ ಮಾತ್ರ.

ಬಾಗಿಲಕ್ಕ ಸಾಲು ಸಾಲಾಗಿ ಕುರ್ಚಿ ಸರಿಪಡಿಸುತ್ತಿದ್ದವರು ಅಲ್ಲಿಗೇ ನಿಂತರು. "ಸ್ವಲ್ಪ ಅಂದ್ರೆ ಎಷ್ಟು?" ಎಂದು ಕೇಳಿದರು. "ನಿಮ್ಗೇನ್ ಮೇಡಂ, ಕೆಲಸ ಮುಗಿಸಿ ಹೋಗ್ತೀರಿ. ಬಾಗ್ಲಲ್ಲಿ ನಿಂತು ಅನ್ನಿಸ್ಕೊಳ್ಳೋಳು ನಾನು. ಎಲ್ಲಾ ಕಡೆ ಮೊದ್ಲು ಸ್ವಲ್ಪ ಅಂತಾನೇ ಶುರುವಾಗಿದ್ದು. ಇಲ್ಲಿಂದಾನೂ ಎಬ್ಸಿದ್ರೆ ಇವ್ರನ್ನೆಲ್ಲಾ ಎಲ್ಲಿಗೆ ಕರ್ಕೊಂಡ್ ಹೋಗ್ಲಿ?"

ಸ್ವಂತ ಜಾಗದಿಂದ ಯಾರು ಎಬ್ಬಿಸುತ್ತಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಪಕ್ಕದವರು ಮನಸ್ಸು ಮಾಡಿದರೆ ಸ್ವಂತ ಜಾಗದಲ್ಲೂ ಬಾಳುವುದು ಕಷ್ಟ, ಅವರ ಮಾತು ತಪ್ಪಾಗಿರಲಿಲ್ಲ. ಪಕ್ಕದ ಯಜಮಾನರು ಸದ್ದಿನ ಬಗ್ಗೆ ಏನು ಹೇಳಿದ್ದಾರೆ ಎಂದು ಕೇಳಿದೆ. ಪಾಸ್ಟರ್ ಅಕ್ಕನ ಮುಖ ನೋಡಿದರು, ಅಕ್ಕ ಪಾಸ್ಟರ್ ಮುಖ ನೋಡಿದರು. ಯಜಮಾನರು ಏನೂ ಹೇಳಿರಲಿಲ್ಲ. ಇವರು ಕೇಳಿಯೇ ಇರಲಿಲ್ಲ. ದೂರು ಬಂದೇ ಬರುತ್ತದೆಂದು ಇಡೀ ಕಟ್ಟಡವನ್ನೇ ಕಟ್ಟಿಸಿದ್ದರು, ದೂರು ಕೊಡಬೇಕಾದವರನ್ನು ಮಾತ್ರ ಜಾಗ ಕೊಂಡ ಮೇಲೆ ಒಮ್ಮೆಯೂ ಮಾತಾಡಿಸಿರಲಿಲ್ಲ. ನನಗೆ ಮೊದಲು ನಗು ಬಂತು. ಎಷ್ಟು ಸಲ ಎಬ್ಬಿಸಿದ್ದರೆ ಮನುಷ್ಯರು ಹೀಗಾಗುತ್ತಾರೆ?

ಮರುದಿನ ಸಂಜೆ ನಾನೇ ಪಕ್ಕದ ಮನೆಗೆ ಹೋದೆ. ಯಜಮಾನರು ಹಸುಗಳಿಗೆ ಹುಲ್ಲು ಹಾಕುತ್ತಿದ್ದರು. ಬಂದ ವಿಷಯ ಹೇಳಿದೆ. ಅವರು ಕೈ ಒರೆಸಿಕೊಂಡು, ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ತಾವು ನಿಂತೇ ಮಾತಾಡಿದರು.

"ನೋಡಮ್ಮ, ಅಲ್ಲಿ ಪ್ರೆಸ್ಸು ಒಡೀತಿತ್ತು. ಒಂದೊಂದ್ ಏಟಿಗೂ ನಮ್ಮ ಅಡುಗೆಮನೇಲಿ ಪಾತ್ರೆ ಅಲ್ಲಾಡ್ತಿದ್ದೋ. ಇವ್ರ ಆಡು ಅದಕ್ಕಿಂತ ಜೋರಾ?"

ಅಲ್ಲ ಎಂದೆ.

"ಅಂಗಾದ್ರೆ ಆಡ್ಲಿ. ಜಾಸ್ತಿ ಆದ್ರೆ ನಾನೇ ಬಂದು ಏಳ್ತೀನಿ. ಈಗ್ಲೇ ಮಾತು ಕೊಡು ಅಂದ್ರೆ ಎಂಗ್ ಕೊಡ್ಲಿ?" ಅವರು ಶೆಡ್ಡಿನ ಕಡೆ ಗದ್ದ ಎತ್ತಿ ತೋರಿಸಿದರು. "ಸದ್ದಲ್ಲ ಕಣಮ್ಮ ನಮ್ಗೆ ಬೇಜಾರು. ಪತ್ರ ಆದ್ಮೇಲೆ ಇವ್ರು ಮುಖ ಕೊಟ್ಟು ಮಾತಾಡಲ್ಲ. ತಲೆ ತಗ್ಗಿಸ್ಕೊಂಡ್ ಬತ್ತಾರೆ, ಅಂಗೇ ಓಯ್ತಾರೆ. ಏನ್ ಮಾಡ್ತಾರೋ ಏನ್ ಕಥೆಯೋ ಅಂತ ನಮ್ಗೂ ಅನ್ಸಲ್ವಾ?" ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ಗೇಟಿನ ಮುಂದೆ ಕಾರು ನಿಲ್ಲಿಸಬಾರದು, ಹಸು ಓಡಾಡಬೇಕು.

ಇದನ್ನು ಹೋಗಿ ಹೇಳಿದಾಗ ಪಾಸ್ಟರ್ ಹಣೆ ಉಜ್ಜಿಕೊಂಡರು. ಬಾಗಿಲಕ್ಕನಿಗೆ ಸಮಾಧಾನವಾಗಲಿಲ್ಲ. ಎಲ್ಲರೂ ಮೊದಲು ಒಳ್ಳೆ ಮಾತೇ ಆಡುತ್ತಾರೆ ಎಂದರು. ಆಗ ನಾನು ಕೇಳುವುದನ್ನು ಬಿಟ್ಟು ತೀರ್ಮಾನ ಹೇಳಿದೆ. ಶನಿವಾರ ಫಲಕ ಇಳಿಸುತ್ತೇನೆ. ಭಾನುವಾರ ಸದ್ದಳೆಯುವ ಮೀಟರ್ ಹಿಡಿದು ಕೊಟ್ಟಿಗೆಯ ಹತ್ತಿರ ನಿಂತು ನೋಡೋಣ. ಹೆಚ್ಚು ಕಂಡರೆ ಅದೇ ಸಂಜೆ ನಾನೇ ನಿಂತು ವಾಪಸ್ಸು ಹಾಕಿಸುತ್ತೇನೆ. ಪಾಸ್ಟರ್ ಅಕ್ಕನ ಕಡೆ ನೋಡದೆ, ಇಳಿಸಿ ಎಂದರು.

ಕೊಕ್ಕೆಗೆ ನೇತುಹಾಕಿದ್ದರಿಂದ ಫಲಕಗಳು ಬೇಗ ಇಳಿದವು. ಬಡಗಿ ನನ್ನ ಮುಖ ನೋಡಿ, "ಮೊದ್ಲೇ ಗೊತ್ತಿತ್ತು ಅನ್ನಿ," ಎಂದ. ಎದುರುಬದುರು ಗೋಡೆ ಪೂರ್ತಿ ಬರಿದಾದರೆ ಸದ್ದು ಅವುಗಳ ನಡುವೆ ಚೆಂಡಾಡುತ್ತದೆ. ಅದಕ್ಕೆ ಅಲ್ಲಲ್ಲಿ ಪ್ಲೈವುಡ್ ಹಲಗೆಗಳನ್ನು ತುಸು ಓರೆಯಾಗಿ ಕೂರಿಸಿದೆವು. ವೇದಿಕೆಗೆ ಎದುರಿನ ಗೋಡೆಯ ಫಲಕ ಹಾಗೇ ಬಿಟ್ಟೆವು. ಕಾರ್ಪೆಟ್ಟು ಸುತ್ತಿ ಮೂಲೆಗಿಟ್ಟು ಚಪ್ಪಾಳೆ ತಟ್ಟಿದೆ. ಸದ್ದು ಕೋಣೆಯನ್ನೊಮ್ಮೆ ಸುತ್ತಿ, ಕಿವಿಗೆ ಬಂದು, ಸುಮ್ಮನಾಯಿತು. ಬಡಗಿಯೂ ಒಮ್ಮೆ ತಟ್ಟಿ ನೋಡಿದ.

ಭಾನುವಾರ ಮೊದಲ ಹಾಡಿಗೆ ನಾನು ಕೀಬೋರ್ಡನ್ನು ಪೂರ್ತಿ ಇಳಿಸಿ ಬರೀ ದನಿಗಳನ್ನೇ ಕೇಳಿದೆ. ಮೊದಲ ಸಾಲು ಅನುಮಾನದಿಂದಲೇ ಬಂತು. ಎರಡನೇ ಸಾಲಿಗೆ ಮುಂದಿನವರಿಗೆ ಹಿಂದಿನವರು ಕೇಳಿಸಿದರು. ಒಬ್ಬ ಹುಡುಗಿ ತಿರುಗಿ ಯಾರು ಹಾಡಿದ್ದು ಎಂದು ನೋಡಿದಳು. ಹಾಡು ಏರಿತು, ಗೋಡೆ ಅದನ್ನು ಹಿಡಿದು ಅವರಿಗೇ ವಾಪಸ್ಸು ಕೊಟ್ಟಿತು. ಅಷ್ಟರಲ್ಲಿ ಇಡೀ ಹಾಡು ಒಟ್ಟಿಗೇ ಇಳಿದುಹೋಯಿತು.

ಬಾಗಿಲ ಬಳಿ ಅಕ್ಕನ ಅಂಗೈ ಮೇಲಿತ್ತು. ಅವರು ಬೇಕೆಂದು ಎತ್ತಿದ್ದಲ್ಲ. ಕೈಯನ್ನು ನೋಡಿ ಅವರೇ ಗಾಬರಿಯಾದದ್ದು ನನಗೆ ಕಾಣಿಸಿತು.

ಕೋಣೆಯಲ್ಲಿ ಸರಿಮಾಡುವುದು ಇನ್ನೇನೂ ಉಳಿದಿರಲಿಲ್ಲ. ನಾನು ಮಿಕ್ಸರ್ ಬಿಟ್ಟು ಎದ್ದು ಬಂದು, ಮೀಟರನ್ನು ಬಾಗಿಲಕ್ಕನ ಕೈಗೆ ಕೊಟ್ಟೆ. ಕೊಟ್ಟಿಗೆ ಹತ್ತಿರ ಅಳೆಯುವುದಕ್ಕೆ ಬನ್ನಿ ಎಂದೆ. ಈಗಲೇ ಯಾಕೆ, ಬಾಗಿಲು ಯಾರು ನೋಡುತ್ತಾರೆ ಎಂದರು. "ಬಾಗಿಲು ಎಲ್ಲೂ ಹೋಗಲ್ಲ ಅಕ್ಕ, ಅದಕ್ಕೆ ನಾನೇ ಕೀಲು ಹಾಕಿಸಿರೋದು," ಎಂದು ಅವರ ಮೊಣಕೈ ಹಿಡಿದುಕೊಂಡು ಹೊರಟೆ. ಪಾಸ್ಟರಿಗೆ ಮತ್ತೆ ಮೊದಲಿನಿಂದ ಹಾಡಿಸಿ ಎಂದು ಸನ್ನೆ ಮಾಡಿದೆ. ಜೋಡಿ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು.

ಹೊರಗೆ ಬಿಸಿಲು, ಸಗಣಿ ವಾಸನೆ, ದೂರದಲ್ಲಿ ಹೊಸೂರು ರಸ್ತೆಯ ಲಾರಿಗಳ ಸದ್ದು. ಓಣಿ ದಾಟಿ ಕೊಟ್ಟಿಗೆಯ ಗೋಡೆಗೆ ಒತ್ತಿ ನಿಂತೆವು. ಮೀಟರಿನ ಅಂಕಿ ಲಾರಿಗಳಿಗೆ ಏರುತ್ತ ಇಳಿಯುತ್ತ ಇತ್ತು. ಹಾಡು ಯಾವಾಗ ಶುರುವಾಯಿತೆಂದು ಅದಕ್ಕೆ ಗೊತ್ತೇ ಆಗಲಿಲ್ಲ. ನಮ್ಮ ಕಿವಿಗೆ ಗೊತ್ತಾಯಿತು. ಗೋಡೆಯಾಚೆಯಿಂದ ಸಣ್ಣಗೆ, ಪದಗಳಿಲ್ಲದೆ, ರಾಗ ಮಾತ್ರ ಬರುತ್ತಿತ್ತು. ಅದು ಏರಿತು. ಅಕ್ಕನ ಅಂಗೈ ಮತ್ತೆ ಎದೆಯೆತ್ತರಕ್ಕೆ ಹೋಯಿತು. ಅಲ್ಲಿ ಅದನ್ನು ನೋಡುವವರು ನಾನು ಮತ್ತು ಹೊರಗೆ ಕಟ್ಟಿದ್ದ ಎರಡು ಹಸು. ಹಾಡು ತಗ್ಗಲಿಲ್ಲ. ಇನ್ನೂ ಏರಿತು.

ಯಜಮಾನರು ಬಕೆಟ್ಟು ಹಿಡಿದು ಬಂದರು. "ಶುರು ಮಾಡಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯತೊಡಗಿದರು.

ಬಾಗಿಲಕ್ಕ ಅವರನ್ನೇ ನೋಡುತ್ತ ನಿಂತರು. ಅವರು ತಲೆಯೆತ್ತಿ ಏನಾದರೂ ಅನ್ನುತ್ತಾರೆಂದು ಕಾದಿರಬೇಕು. ಹಾಲಿನ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನ ಕೈ ಕೆಳಗಿಳಿಯಿತು. ಶೆಡ್ಡಿನ ಕಡೆ ಕಿವಿಗೊಟ್ಟು ಹಾಡು ಮುಗಿಯುವ ತನಕ ಕದಲಲಿಲ್ಲ.

"ನಾವು ಇಷ್ಟು ಜನ ಇದೀವಾ ಮೇಡಂ?" ಎಂದರು.

ಇದೀರಿ ಎಂದೆ. ಅವರು ಮೀಟರನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಯಜಮಾನರ ಹತ್ತಿರ ಹೋದರು. ತಮ್ಮ ಹೆಸರು ಹೇಳಿದರು. ಸಮರ್ಪಣೆಯ ದಿನ ಮನೆಯವರೆಲ್ಲ ಊಟಕ್ಕೆ ಬರಬೇಕು ಎಂದರು. ಯಜಮಾನರು ಕೆಚ್ಚಲಿನಿಂದ ಕೈ ತೆಗೆಯದೆ, ಗಾಡಿಗಳ ವಿಷಯ ನೆನಪಿಸಿ, ಬರುತ್ತೇವೆ ಎಂದರು.

ಸಮರ್ಪಣೆಯ ದಿನ ಜನ ಹಿಡಿಸದೆ ಗೋಡೆಗೆ ಒರಗಿ ನಿಂತಿದ್ದರು. ಯಜಮಾನರ ಮನೆಯವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಬಾಗಿಲ ಬಳಿ ಯಾರೂ ಇರಲಿಲ್ಲ. ಹಾಡು ಶುರುವಾಗಿ ಎರಡನೇ ಚರಣಕ್ಕೆ ಬಂದಾಗ ಎಲ್ಲರಿಗಿಂತ ಅರ್ಧ ತಾಳ ಮುಂದೆ, ಶ್ರುತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಒಂದು ದೊಡ್ಡ ಗಂಟಲು ಎದ್ದಿತು. ಯಾವ ಮೈಕ್ ತೆರೆದಿದೆ ಎಂದು ನಾನು ಗಾಬರಿಯಿಂದ ಒಂದೊಂದನ್ನೇ ಮುಚ್ಚುತ್ತ ಹೋದೆ. ಎಲ್ಲವನ್ನೂ ಮುಚ್ಚಿದರೂ ಅದು ನಿಲ್ಲಲಿಲ್ಲ. ತಲೆಯೆತ್ತಿ ನೋಡಿದರೆ ನಡುವಿನ ಸಾಲಿನಲ್ಲಿ ಬಾಗಿಲಕ್ಕ, ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವರ ಪಕ್ಕದ ಹುಡುಗಿ ನಗು ತಡೆದುಕೊಳ್ಳುತ್ತ ತಾನೂ ಜೋರು ಮಾಡಿದಳು. ನನ್ನ ಮುಂದಿದ್ದ ಅಷ್ಟೂ ಗುಂಡಿಗಳಲ್ಲಿ ಆ ದನಿಯನ್ನು ತಗ್ಗಿಸುವಂಥದ್ದು ಒಂದೂ ಇರಲಿಲ್ಲ. ನಾನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತೆ.